ಒಂದು ರಿವಾಲ್ವರ್, ಎರಡು ಸಿಲಿಂಡರ್: ಹಲವು ವರ್ಷ ಬಳಸಿದ ಮೇಲೆ

ಕನ್ವರ್ಟಿಬಲ್ ರಿವಾಲ್ವರ್, ಅಂದರೆ ಗುಂಡು ತುಂಬುವ ಸಿಲಿಂಡರ್ ಬದಲಿಸಿ ಬೇರೆ ಅಳತೆಯ ಕಾಡತೂಸು ಹಾರಿಸಬಹುದಾದ ಗನ್, ಕೊಳ್ಳಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಎರಡನೇ ಸಿಲಿಂಡರನ್ನು ಅದೇ ಗನ್ನಿಗೆ ಕೂರಿಸಿ ಕೊಟ್ಟಿದ್ದರೆ ಧೈರ್ಯವಾಗಿ ಕೊಳ್ಳಿ. ಎಲ್ಲೋ ಬಿಡಿಯಾಗಿ ಸಿಕ್ಕಿದ್ದಾದರೆ, ಗನ್‌ಸ್ಮಿತ್ (ಗನ್ ರಿಪೇರಿ ಮಾಡುವವರು) ಅಳೆದು ನೋಡಿ ಒಪ್ಪುವವರೆಗೆ ಅದರಲ್ಲಿ ಒಂದು ಗುಂಡನ್ನೂ ಹಾರಿಸಬೇಡಿ.

ನನ್ನದು ಆರು ಗುಂಡಿನ ಸಿಂಗಲ್ ಆಕ್ಷನ್, ಅಂದರೆ ಪ್ರತಿ ಸಲ ಹ್ಯಾಮರನ್ನು ಕೈಯಿಂದ ಹಿಂದಕ್ಕೆಳೆದು ಹಾರಿಸುವ ಗನ್. ಒಂದು ಸಿಲಿಂಡರಿನಲ್ಲಿ .357 ಮ್ಯಾಗ್ನಮ್, .38 ಸ್ಪೆಷಲ್ ಎರಡೂ ಬಗೆಯ ಕಾಡತೂಸು ನಡೆಯುತ್ತವೆ. ಇನ್ನೊಂದು 9 ಎಂಎಂಗೆ. ಬದಲಿಸುವುದು ತುಂಬ ಸುಲಭ. ಗನ್ ಖಾಲಿ ಇದೆಯಾ ಅಂತ ನೋಡಿ, ಲೋಡಿಂಗ್ ಗೇಟ್ ತೆರೆದು, ಬ್ಯಾರಲ್ ಕೆಳಗಿನ ಬೇಸ್ ಪಿನ್ ಎಳೆದರೆ ಸಿಲಿಂಡರ್ ಬಲಗಡೆಯಿಂದ ಕೈಗೆ ಬರುತ್ತದೆ. ಇನ್ನೊಂದನ್ನು ಇಟ್ಟು ಪಿನ್ ತಳ್ಳಿದರೆ ಆಯಿತು. ಯಾವ ಸಲಕರಣೆಯೂ ಬೇಡ.

ಒಂದೇ ಬ್ಯಾರಲ್ ಎರಡಕ್ಕೂ ಹೇಗೆ ಸಾಕಾಗುತ್ತದೆ? .357ರ ಗುಂಡಿನ ಅಗಲ 0.357 ಇಂಚು, 9 ಎಂಎಂನದು 0.355. ವ್ಯತ್ಯಾಸ ಅಷ್ಟೇ. ಆದರೂ ಆ ಚೂರು ವ್ಯತ್ಯಾಸ ಗುರಿಯಲ್ಲಿ ಕಾಣುತ್ತದೆ. 9 ಎಂಎಂ ಕಾಡತೂಸು ಗಿಡ್ಡ, ಸಿಲಿಂಡರ್ ಮಾತ್ರ ಅಷ್ಟೇ ಉದ್ದ. ಹಾಗಾಗಿ ಗುಂಡು ಬ್ಯಾರಲ್ ಸೇರುವ ಮೊದಲು ಜಾಸ್ತಿ ದೂರ ಹೋಗಬೇಕು. ನನ್ನ ಕೈಯಲ್ಲಿ 9 ಎಂಎಂ ಗುಂಡುಗಳ ಗುಂಪು ಗುರಿಯ ಮೇಲೆ .38ರಷ್ಟು ಒತ್ತಾಗಿ ಬೀಳುವುದಿಲ್ಲ. ಅಭ್ಯಾಸಕ್ಕೆ ಧಾರಾಳ ಸಾಕು, ಪಂದ್ಯಕ್ಕೆ ನಾನು .38 ಹಾಕುತ್ತೇನೆ. ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಅದಕ್ಕೇ ಗುರಿ ಹಿಡಿಯುವ ಹಿಂದಿನ ಸೈಟ್ ಹೊಂದಿಸಲು ಬರುವ ಗನ್ನೇ ಬೇಕು. ಫಿಕ್ಸೆಡ್ ಸೈಟ್ ಇದ್ದರೆ ಎರಡು ಸಿಲಿಂಡರಿನಲ್ಲಿ ಒಂದು ಸುಮ್ನೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

9 ಎಂಎಂ ಕೇಸಿಗೆ (ಗುಂಡು, ಮದ್ದು ಹಿಡಿದಿರುವ ಲೋಹದ ಕವಚ) ಬುಡದಲ್ಲಿ ಹೊರಚಾಚಿದ ಅಂಚಿಲ್ಲ. ಅದು ಕೇಸಿನ ಬಾಯಿಯ ಮೇಲೆ ನಿಲ್ಲುತ್ತದೆ. ಖಾಲಿ ಕೇಸನ್ನು ಮನೆಯಲ್ಲೇ ಮತ್ತೆ ತುಂಬಿ ರೀಲೋಡ್ ಮಾಡುವವರು ಬಾಯಿಯನ್ನು ಜಾಸ್ತಿ ಒಳಕ್ಕೆ ಮಡಿಸಿದರೆ ಕಾಡತೂಸು ಆಳಕ್ಕೆ ಇಳಿದು ಫೈರ್ ಆಗದೇ ಹೋಗಬಹುದು. ಖಾಲಿ ಕೇಸ್ ತೆಗೆಯುವುದಕ್ಕೆ ಮಾತ್ರ ಸಿಂಗಲ್ ಆಕ್ಷನ್ನಲ್ಲಿ ತೊಂದರೆಯೇ ಇಲ್ಲ. ಎಜೆಕ್ಟರ್ ಕಡ್ಡಿ ಒಳಗಿನಿಂದ ತಳ್ಳುತ್ತದೆ, ಕಾಡತೂಸುಗಳನ್ನು ಒಟ್ಟಿಗೆ ಹಿಡಿಯುವ ಮೂನ್ ಕ್ಲಿಪ್ ಬೇಡ.

ನಾನು ಮೊದಲು ಯೋಚಿಸದೇ ಇದ್ದ ಲಾಭ ಒಂದಿದೆ. .38ರ ಕೇಸ್ .357ಗಿಂತ ಗಿಡ್ಡ. ಅದನ್ನೇ ಹಾರಿಸುತ್ತಿದ್ದರೆ ಚೇಂಬರಿನ (ಸಿಲಿಂಡರಿನಲ್ಲಿ ಕಾಡತೂಸು ಕೂರುವ ತೂತು) ಒಳಗೆ ಮಸಿಯ ಬಳೆ ಕಟ್ಟುತ್ತದೆ, ಆಮೇಲೆ .357 ಬಿಗಿಯಾಗಿ ಕೂರುತ್ತದೆ. ಅಭ್ಯಾಸವನ್ನು 9 ಎಂಎಂ ಸಿಲಿಂಡರಿಗೆ ಬಿಟ್ಟ ಮೇಲೆ ನನ್ನ .357 ಚೇಂಬರ್ ಉಜ್ಜುವ ಕೆಲಸ ಬಹಳ ಕಡಿಮೆಯಾಗಿದೆ.

ಈಗ ಕೂರಿಸುವ ವಿಷಯ. ಇದರಲ್ಲೇ ಎಲ್ಲ ಇದೆ. ಪ್ರತಿ ಚೇಂಬರೂ ಬ್ಯಾರಲ್ಲಿನ ನೇರಕ್ಕೆ ಬಂದು ನಿಲ್ಲಬೇಕು. ಸಿಲಿಂಡರಿಗೂ ಬ್ಯಾರಲ್ಲಿಗೂ ನಡುವೆ ಸುಮಾರು 0.1ರಿಂದ 0.2 ಮಿ.ಮೀ. ಸಂದು ಇರಬೇಕು. ಕಾಡತೂಸಿನ ಹಿಂಭಾಗಕ್ಕೂ ಫ್ರೇಮಿಗೂ ನಡುವಿನ ಜಾಗ ಸರಿ ಇರಬೇಕು. ನೇರ ತಪ್ಪಿದರೆ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ, ಪಕ್ಕದಲ್ಲಿ ನಿಂತವರ ಮುಖಕ್ಕೂ ಹಾರಬಹುದು. ಒಂದೇ ಮಾಡೆಲಿನ ಎರಡು ಗನ್ನುಗಳಲ್ಲೂ ಈ ಅಳತೆ ಕೂದಲೆಳೆಯಷ್ಟು ಬೇರೆ ಇರುತ್ತದೆ. ರೂಗರ್ ಕಂಪನಿ ಎರಡನೇ ಸಿಲಿಂಡರಿನ ಮೇಲೆ ಗನ್ನಿನ ಸೀರಿಯಲ್ ನಂಬರಿನ ಕೊನೆಯ ಅಂಕಿಗಳನ್ನು ಕೆತ್ತುವುದು ಇದಕ್ಕೇ. ಹಳೆಯ ಗನ್ ಕೊಳ್ಳುವಾಗ ಆ ಅಂಕಿ ತಾಳೆ ನೋಡಿ.

.22 ಎಲ್‌ಆರ್ ಮತ್ತು .22 ಮ್ಯಾಗ್ನಮ್ ಸಿಲಿಂಡರ್ ಜೋಡಿ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ನನ್ನ ಜೋಡಿಯಲ್ಲಿ 9 ಎಂಎಂ ಕಾಡತೂಸಿನ ಬುಡ ದಪ್ಪ, .357 ಚೇಂಬರಿಗೆ ಪೂರ್ತಿ ಇಳಿಯುವುದಿಲ್ಲ. ತಪ್ಪನ್ನು ಅದೇ ತಡೆಯುತ್ತದೆ. ಆದರೆ .22 ಎಲ್‌ಆರ್ ಕಾಡತೂಸು .22 ಮ್ಯಾಗ್ನಮ್ ಚೇಂಬರಿನೊಳಗೆ ಸಡಿಲವಾಗಿ ಇಳಿದುಬಿಡುತ್ತದೆ. ಹಾರಿಸಿದರೆ ಕೇಸ್ ಸೀಳಿ ಬಿಸಿ ಗಾಳಿ ಹಿಂದಕ್ಕೆ ನುಗ್ಗಬಹುದು. ಎರಡೂ ಸಿಲಿಂಡರ್ ನೋಡಲು ಒಂದೇ ತರಹ ಅಲ್ವಾ? ಗುರುತು ಓದಿಯೇ ತುಂಬಿ.

ಸವೆತದ ಬಗ್ಗೆ ಒಂದು ಮಾತು. ನನ್ನಲ್ಲಿ 9 ಎಂಎಂ ಸಿಲಿಂಡರೇ ಜಾಸ್ತಿ ಓಡಿದೆ. ಅದರ ಹಿಂದಿನ ಹಲ್ಲುಗಳು ಇನ್ನೊಂದಕ್ಕಿಂತ ಹೆಚ್ಚು ನಯವಾಗಿವೆ, ಹಿಂದೆ ಮುಂದೆ ಅಲ್ಲಾಡುವುದೂ ಸ್ವಲ್ಪ ಜಾಸ್ತಿ. ಆಗಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಎರಡರ ಸಂದನ್ನೂ ನೋಡುತ್ತೇನೆ. ಸಿಲಿಂಡರ್ ತಿರುಗಿಸುವ ಭಾಗ ಫ್ರೇಮಿನೊಳಗೆ ಒಂದೇ ಇರುವುದು. ಒಂದಕ್ಕೆ ಹೊಂದಲಿ ಅಂತ ಅದನ್ನು ತಿದ್ದಿದರೆ ಇನ್ನೊಂದು ಕೆಡಬಹುದು. ಗನ್ ರಿಪೇರಿಗೆ ಕೊಡುವಾಗ ಎರಡು ಸಿಲಿಂಡರನ್ನೂ ಜೊತೆಗೇ ಕೊಡಿ.