‘200 ವ್ಯಾಟ್’ ಮಡಚುವ ಸೋಲಾರ್: ಬೆಲೆ ನೋಡುವ ಮೊದಲು ಉದ್ದ–ಅಗಲ ನೋಡಿ

‘200 ವ್ಯಾಟ್, ಮಡಚಿ ಚೀಲಕ್ಕೆ ಹಾಕಿಕೊಳ್ಳಿ, ಟೆಂಟಿಗೆ ಹೇಳಿ ಮಾಡಿಸಿದ್ದು’ ಎಂಬ ಸೋಲಾರ್ ಪ್ಯಾನೆಲ್ ಜಾಹೀರಾತು ಮಳೆಗಾಲ ಮುಗಿಯುತ್ತಿದ್ದಂತೆ ಮೊಬೈಲಿನಲ್ಲಿ ಶುರುವಾಗುತ್ತದೆ. ಕೊಳ್ಳುವ ಮನಸ್ಸಿದ್ದವರು ಮೊದಲು ಕೆಳಗೆ ಸಣ್ಣಕ್ಷರದಲ್ಲಿ ಕೊಟ್ಟಿರುವ ಅಳತೆ ಓದಿ. ನಮ್ಮ ಗುಂಪು ಇಂಥ ಜಾಹೀರಾತು ನೋಡಿ ತರಿಸಿದ್ದು ಪೂರ್ತಿ ಬಿಡಿಸಿ ಹಾಸಿದರೆ ಒಂದು ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ. ಅಷ್ಟು ಜಾಗದಲ್ಲಿ 200 ವ್ಯಾಟ್ ಕೊಡುವ ಪ್ಯಾನೆಲ್ ಅಂಗಡಿಯಲ್ಲಿ ಸಿಗುವುದಿಲ್ಲ, ಯಾರು ಏನೇ ಹೇಳಲಿ.

ಲೆಕ್ಕ ಬೆರಳಲ್ಲೇ ಮಾಡಬಹುದು. ಪ್ಯಾನೆಲ್ಲಿನ ವ್ಯಾಟ್ ನಿರ್ಧರಿಸುವ ಪರೀಕ್ಷೆಯಲ್ಲಿ ಒಂದು ಚದರ ಮೀಟರಿಗೆ 1000 ವ್ಯಾಟ್‌ನಷ್ಟು ಬೆಳಕು ಬಿಡುತ್ತಾರೆ. ಒಳ್ಳೆಯ ಮಾನೋ (ಏಕಸ್ಫಟಿಕ ಸಿಲಿಕಾನ್) ಪ್ಯಾನೆಲ್ ಅದರಲ್ಲಿ ನೂರಕ್ಕೆ 20ರಿಂದ 23 ಪಾಲನ್ನು ವಿದ್ಯುತ್ ಮಾಡುತ್ತದೆ. ನಮ್ಮದರ ವಿಸ್ತೀರ್ಣ 0.45 ಚದರ ಮೀಟರ್. ಅಂದರೆ ಹೆಚ್ಚೆಂದರೆ 100ರ ಆಸುಪಾಸು. ಅದೂ ಬಟ್ಟೆಯ ಅಂಚು, ಮಡಿಕೆ ಎಲ್ಲವನ್ನೂ ಸೇರಿಸಿ ಅಳೆದರೆ.

ಇದು ಗೊತ್ತಾದದ್ದು ಅಘನಾಶಿನಿ ನದಿ ಕುಮಟೆಯ ಬಳಿ ಸಮುದ್ರ ಸೇರುವ ಕಡೆ, ಪರಿಚಯದವರ ತೋಟದಲ್ಲಿ ಟೆಂಟ್ ಹಾಕಿದ್ದಾಗ. ಡಿಸೆಂಬರ್, ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ. ಜೊತೆಗೆ 500 ವ್ಯಾಟ್‌ಅವರ್‌ನ ಪವರ್ ಸ್ಟೇಷನ್, ಅಂದರೆ ಕರೆಂಟು ತುಂಬಿಟ್ಟುಕೊಳ್ಳುವ ಬ್ಯಾಟರಿ ಡಬ್ಬಿ ಇತ್ತು. 200 ವ್ಯಾಟ್ ಐದು ತಾಸು ಬಿಸಿಲು ಕುಡಿದರೆ ಅದು ಎರಡು ಸಲ ತುಂಬಬೇಕು, ಕ್ಯಾಮೆರಾ, ಡ್ರೋನ್ ಬ್ಯಾಟರಿ, ಸಣ್ಣ ಫ್ಯಾನ್ ಎಲ್ಲ ನಡೆಯಬೇಕು ಎಂಬುದು ಲೆಕ್ಕಾಚಾರ. ಪ್ಯಾನೆಲ್ಲನ್ನು ತೆಂಗಿನ ನೆರಳಿನಿಂದ ಆಚೆ, ದಕ್ಷಿಣಕ್ಕೆ ಮುಖ ಮಾಡಿ, ನೆಲದಿಂದ ಸುಮಾರು 40 ಡಿಗ್ರಿ ಎತ್ತಿ ನಿಲ್ಲಿಸಿದ್ದೆವು. ಆ ತಿಂಗಳಲ್ಲಿ ನಮ್ಮ ಕಡೆ ನಡು ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ, ಅಂಗಾತ ಮಲಗಿಸಿದರೆ ನಷ್ಟ. ಇಷ್ಟೆಲ್ಲ ಮಾಡಿಯೂ ಪವರ್ ಸ್ಟೇಷನ್ನಿನ ಪರದೆಯ ಮೇಲೆ 70 ವ್ಯಾಟ್ ದಾಟಲಿಲ್ಲ. ಸಂಜೆ ನಾಲ್ಕರ ಮೇಲಂತೂ ಕೇಳುವುದೇ ಬೇಡ.

ಮಾರಿದವರಿಗೆ ಮೆಸೇಜ್ ಮಾಡಿದರೆ ಬಂದ ಉತ್ತರ: ‘ನಿಮ್ಮ ಭಾಗದಲ್ಲಿ ಮೋಡ ಜಾಸ್ತಿ ಇರಬಹುದು.’ ಕರಾವಳಿ ಅಂದರೆ ವರ್ಷವಿಡೀ ಜೂನ್ ತಿಂಗಳು ಅಂದುಕೊಂಡಿದ್ದಾರೆ ಪುಣ್ಯಾತ್ಮರು.

ಶಿರಸಿಗೆ ವಾಪಸ್ ಬಂದು ಇನ್ವರ್ಟರ್ ರಿಪೇರಿ ಮಾಡುವವರ ಬಳಿ ತೋರಿಸಿದೆವು. ಅವರು ಮುಂಭಾಗ ನೋಡಲೇ ಇಲ್ಲ, ನೇರ ಹಿಂದೆ ತಿರುಗಿಸಿ ಚೀಟಿ ಓದಿದರು. 18 ವೋಲ್ಟ್, 5.5 ಆಂಪಿಯರ್. ‘ಎರಡ್ನೂರು ಎಲ್ಲಿದ್ದು ತಮಾ, ಇದ್ರ ಚೀಟಿನೇ ನೂರು ಹೇಳ್ತು!’ ಎಂದರು. 18ನ್ನು 5.5ರಿಂದ ಗುಣಿಸಿದರೆ 99. ನಿಜಕ್ಕೂ 200 ವ್ಯಾಟ್ ಆಗಿದ್ದರೆ ಅದೇ ವೋಲ್ಟಿಗೆ 11 ಆಂಪಿಯರ್ ಬೇಕಿತ್ತು. ಪೆಟ್ಟಿಗೆಯ ಮೇಲೆ ಸುಳ್ಳು, ಬೆನ್ನ ಮೇಲೆ ನಿಜ. ಎಲ್ಲರೂ ಇಷ್ಟು ಪ್ರಾಮಾಣಿಕರಲ್ಲ, ಕೆಲವರು ಚೀಟಿಯಲ್ಲೂ ಸುಳ್ಳೇ ಬರೆಯುತ್ತಾರೆ. ಆಗ ಉಳಿಯುವುದು ಅಳತೆ ಟೇಪು ಮಾತ್ರ.

ಹಾಗಾದರೆ 100 ಬರಬೇಕಿತ್ತಲ್ಲ, 70 ಏಕೆ? ಅದು ಮೋಸವಲ್ಲ, ಬಿಸಿಲಿನ ಗುಣ. ಚೀಟಿಯ ವ್ಯಾಟ್ ಹೇಳುವುದು ಪ್ಯಾನೆಲ್ಲಿನೊಳಗಿನ ಸೆಲ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಂಪಾಗಿದ್ದಾಗಿನ ಮಾತು. ಕುಮಟೆಯ ಬಿಸಿಲಲ್ಲಿ ಕಪ್ಪು ಪ್ಯಾನೆಲ್ 60 ಡಿಗ್ರಿಗೆ ಏರುವುದು ಕಷ್ಟವೇನಲ್ಲ. 25ರ ಮೇಲೆ ಪ್ರತಿ ಡಿಗ್ರಿಗೂ ಸುಮಾರು 0.35ರಿಂದ 0.4 ಪ್ರತಿಶತ ಕಡಿಮೆಯಾಗುತ್ತ ಹೋಗಿ, ಅಲ್ಲಿಗೇ ನೂರಕ್ಕೆ ಹದಿಮೂರು ಪಾಲು ಹೋಯಿತು. ವೈರು, ಧೂಳು, ಚಾರ್ಜ್ ಕಂಟ್ರೋಲರ್ (ಬ್ಯಾಟರಿಗೆ ಹೋಗುವ ಕರೆಂಟು ನಿಯಂತ್ರಿಸುವ ಭಾಗ) ತಮ್ಮ ಪಾಲು ತಿನ್ನುತ್ತವೆ. ಒಳ್ಳೆಯ ಕಂಪನಿಯ ಪ್ಯಾನೆಲ್ ಕೂಡ ಬರೆದದ್ದರ ಮುಕ್ಕಾಲು ಕೊಟ್ಟರೆ ಸರಿಯಾಗಿದೆ ಎಂದೇ ತಿಳಿಯಬೇಕು. ಕಾದ ಮರಳಿನ ಮೇಲೆ ಹಾಸಿದರೆ ಇನ್ನೂ ಕಡಿಮೆ. ಹಿಂದೆ ಗಾಳಿ ಆಡಬೇಕು.

ಎಲ್ಲಕ್ಕಿಂತ ಅಪಾಯದ್ದು ಇನ್ನು ಮುಂದಿನದು. ದೂರು ಕೊಟ್ಟ ಮೇಲೆ ಮಾರಾಟಗಾರರು ಇನ್ನೊಂದು ಪ್ಯಾನೆಲ್ಲನ್ನು ಅರ್ಧ ಬೆಲೆಗೆ ಕೊಡುತ್ತೇವೆ, ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿ, 200 ಆಗುತ್ತದೆ ಎಂದರು. ಹಾಗೆ ಸೀರೀಸ್‌ನಲ್ಲಿ ಜೋಡಿಸಿದರೆ ವೋಲ್ಟೇಜ್ ಕೂಡಿಕೊಳ್ಳುತ್ತದೆ. 18 ವೋಲ್ಟಿನದೆಂದು ಬರೆದ ಪ್ಯಾನೆಲ್ ಯಾವುದಕ್ಕೂ ಜೋಡಿಸದೆ ಬಿಸಿಲಿಗಿಟ್ಟಾಗ 22ರ ಹತ್ತಿರ ಇರುತ್ತದೆ, ಎರಡು ಸೇರಿದರೆ 44. ನಮ್ಮ ಪವರ್ ಸ್ಟೇಷನ್ ತಡೆದುಕೊಳ್ಳುವುದು 28 ವೋಲ್ಟ್ ಮಾತ್ರ, ಅದರ ಮೈಮೇಲೇ ಬರೆದಿದೆ. ರಿಪೇರಿಯವರು ಇದನ್ನು ಕೇಳಿ ನಕ್ಕದ್ದಲ್ಲ, ಸಿಟ್ಟಾದರು. ಎರಡು ಪ್ಯಾನೆಲ್ ಸೇರಿಸಲೇಬೇಕಾದರೆ ಇಂಥ ಡಬ್ಬಿಗಳಿಗೆ ಪ್ಯಾರಲಲ್‌ನಲ್ಲಿ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ವೋಲ್ಟೇಜ್ ಅಷ್ಟೇ ಇದ್ದು ಆಂಪಿಯರ್ ಹೆಚ್ಚುತ್ತದೆ. ಡಬ್ಬಿ ಎಷ್ಟು ಆಂಪಿಯರ್ ಒಳಗೆ ತೆಗೆದುಕೊಳ್ಳುತ್ತದೆ ಎಂಬುದನ್ನೂ ಓದಿಕೊಳ್ಳಿ.

ಮತ್ತೊಂದು ಮಾತು ಉಪ್ಪುಗಾಳಿಯದ್ದು. ಮುಂದಿನ ಮಳೆಗಾಲ ಕಳೆದು ಪ್ಯಾನೆಲ್ ಹೊರತೆಗೆದಾಗ ಬಟ್ಟೆಗೆ ಬೂಸ್ಟು ಹಿಡಿದಿತ್ತು, ಮೇಲಿನ ಪ್ಲಾಸ್ಟಿಕ್ ಹಾಳೆ ಅಲ್ಲಲ್ಲಿ ಗುಳ್ಳೆ ಎದ್ದಿತ್ತು, ಯುಎಸ್‌ಬಿ ಕಿಂಡಿ ಹಸಿರುಗಟ್ಟಿತ್ತು. ಅಗ್ಗದವಕ್ಕೆ ಪಿಇಟಿ ಎಂಬ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ, ನುಣುಪಾಗಿ ಹೊಳೆಯುತ್ತದೆ, ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಇಟಿಎಫ್‌ಇ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ ಹೊದಿಕೆ ಹೆಚ್ಚು ಬಾಳುತ್ತದೆ. ‘ಐಪಿ 67, ಸಮುದ್ರ ತೀರಕ್ಕೂ ಸೈ’ ಎಂದು ಬರೆದದ್ದನ್ನು ನಂಬಿ ಕೂರಬೇಡಿ. 67 ಎಂದರೆ ಧೂಳು ಹೋಗದು, ಒಂದು ಮೀಟರ್ ನೀರಲ್ಲಿ ಅರ್ಧ ತಾಸು ತಡೆಯುತ್ತದೆ ಎಂದಷ್ಟೇ. ಉಪ್ಪಿನ ಪರೀಕ್ಷೆ ಬೇರೆಯೇ ಇದೆ, ಐಇಸಿ 61701 ಎಂಬ ಅಂತರರಾಷ್ಟ್ರೀಯ ಮಾನದಂಡದ್ದು. ಕಾರವಾರ, ಅಂಕೋಲಾ, ಹೊನ್ನಾವರ ಕಡೆಯವರು ಆ ಸಂಖ್ಯೆ ಕೇಳಿ ನೋಡಿ. ಎದುರಿನವರು ತಬ್ಬಿಬ್ಬಾದರೆ ಉತ್ತರ ಸಿಕ್ಕಂತೆಯೇ.

ಘಟ್ಟದ ಮೇಲಿನವರಿಗೆ ಉಪ್ಪಿನ ಕಾಟವಿಲ್ಲ, ಆದರೆ ಮರಗಳ ನೆರಳಲ್ಲಿ ಬಿಸಿಲೇ ಸಿಗದು. ಸೆಲ್ಲುಗಳು ಸರಪಳಿಯಂತೆ ಒಂದಕ್ಕೊಂದು ಕೂಡಿರುವುದರಿಂದ ಒಂದೆರಡರ ಮೇಲೆ ಅಡಿಕೆ ಸೋಗೆಯ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ಕುಸಿಯುತ್ತದೆ. ಯಾಣ, ಉಂಚಳ್ಳಿಯ ಸುತ್ತಲಿನ ದಟ್ಟ ಮರಗಳಡಿ ಯಾವ ಪ್ಯಾನೆಲ್ಲೂ ದಂಡ. (ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಲ್ಲಿ ಟೆಂಟ್ ಹಾಕಬೇಡಿ, ಅದು ಬೇರೆ ವಿಷಯ.)

ನನ್ನ ಅಭಿಪ್ರಾಯ ಕೇಳಿದರೆ, ಎರಡು ರಾತ್ರಿಯ ವಾಸಕ್ಕೆ ಸೋಲಾರೇ ಬೇಡ. ನಾಲ್ಕು ಫೋನು ದಿನಕ್ಕೊಮ್ಮೆ ತುಂಬಲು 60 ವ್ಯಾಟ್‌ಅವರ್, ಎರಡು ಎಲ್‌ಇಡಿ ದೀಪಕ್ಕೆ 50. ಮನೆಯಲ್ಲೇ ತುಂಬಿಸಿದ 500ರ ಡಬ್ಬಿ ಧಾರಾಳ ಸಾಕು. ಜಾಸ್ತಿ ದಿನ ಉಳಿಯುವವರು, ಜೀಪಿನಲ್ಲಿ ಹೋಗುವವರು ಮನೆ ಸೂರಿಗೆ ಹಾಕುವ 100 ವ್ಯಾಟಿನ ಗಾಜಿನ ಪ್ಯಾನೆಲ್ಲನ್ನೇ ಊರ ಅಂಗಡಿಯಲ್ಲಿ ಕೊಳ್ಳಿ. ಏಳೆಂಟು ಕಿಲೊ ಭಾರ, ಆದರೆ ಅಗ್ಗ, ಬಾಳಿಕೆ ಎಷ್ಟೋ ಪಾಲು ಹೆಚ್ಚು. ಮಡಚುವುದು ಬೆನ್ನಿಗೆ ಹೊತ್ತು ನಡೆಯುವವರಿಗೆ ಮಾತ್ರ. ದಂಡೆಯ ಮೇಲೆ ದೀಪ ಕಡಿಮೆ ಇದ್ದಷ್ಟೂ ಒಳ್ಳೆಯದು, ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ.

ಕೊಂಡೇ ಕೊಳ್ಳುವುದಾದರೆ, ಪೆಟ್ಟಿಗೆ ಬಂದ ದಿನವೇ ಅಂಗಳದ ಬಿಸಿಲಿಗೆ ಹಿಡಿದು ವೋಲ್ಟ್, ಆಂಪಿಯರ್ ಅಳೆಯುವ ಮೀಟರ್ ಹಾಕಿಸಿ. ಹಿಂದಿರುಗಿಸುವ ಅವಧಿ ಕೆಲವೇ ದಿನ. ಟೆಂಟಿನ ಹೊತ್ತಿಗೆ ಅದು ಮುಗಿದಿರುತ್ತದೆ, ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ನಮಗೆ ಮೊದಲು ಕೊಟ್ಟ ಹಣದಲ್ಲಿ ನೂರಕ್ಕೆ ಹದಿನೈದು ಪಾಲು ವಾಪಸ್ ಕೊಡುತ್ತೇವೆ ಎಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋದ ಮೇಲೆ ಅರ್ಧಕ್ಕೆ ಬಂದರು. ಅದೇ ಪ್ಯಾನೆಲ್, ಅದೇ ಫೋಟೊ, ಅದೇ ಅಳತೆ ಈಗ 300 ವ್ಯಾಟ್ ಎಂಬ ಹೆಸರಲ್ಲಿ ಮಾರಾಟಕ್ಕಿದೆ. ದೂರು ಕೊಡುವವರು ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಲ್ಲು, ಹಿಂಬದಿಯ ಚೀಟಿ, ಟೇಪು ಇಟ್ಟು ತೆಗೆದ ಫೋಟೊ ಇವಿಷ್ಟನ್ನು ಒಟ್ಟಿಗೆ ಇಟ್ಟುಕೊಂಡು ಫೋನ್ ಮಾಡಿ.