ಪೂಲ್‌ನಲ್ಲಿ ಗುಳ್ಳೆ ಬಂತೆಂದು ಪಂಪ್ ಬದಲಾಯಿಸಿ ಕೆಟ್ಟೆವು

ನಮ್ಮದು ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್. ಪೂಲ್ ಸಣ್ಣದು, ಆದರೆ ಏಪ್ರಿಲ್ ಬಂತೆಂದರೆ ಮಕ್ಕಳೆಲ್ಲ ಅದರಲ್ಲೇ. ಈ ಸಲ ಕಮಿಟಿಯಲ್ಲಿ ಅದನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಿತ್ತು. ನಾವು ಕಳೆದುಕೊಂಡ ದುಡ್ಡಂತೂ ಹೋಯಿತು, ನೀವಾದರೂ ಬಚಾವಾಗಿ.

ಮೊದಲು ಕಂಡದ್ದು ಗುಳ್ಳೆ. ಫಿಲ್ಟರ್ ಆದ ನೀರು ಪೂಲ್‌ಗೆ ವಾಪಸ್ ಬರುವ ತೂತುಗಳಿಂದ ಬುಳುಬುಳು ಅಂತ ಗಾಳಿ. ಮಕ್ಕಳಿಗೆ ಖುಷಿ, ಅಲ್ಲೇ ಬೆನ್ನು ಕೊಟ್ಟು ನಿಲ್ಲುತ್ತಿದ್ದವು. ಪಂಪ್ ರೂಮಿಗೆ ಹೋಗಿ ನೋಡಿದರೆ, ಕಸ ಹಿಡಿಯುವ ಬುಟ್ಟಿಯ ಪಾರದರ್ಶಕ ಮುಚ್ಚಳದ ಕೆಳಗೆ ನೀರು ಅರ್ಧಕ್ಕೇ ನಿಂತು, ಅಕ್ಕಿ ಎಸರಿನ ಹಾಗೆ ಕುದಿಯುತ್ತಿತ್ತು. ಪ್ರೆಶರ್ ಗೇಜಿನ ಮುಳ್ಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀರೇ ಎತ್ತುತ್ತಿರಲಿಲ್ಲ, ಪ್ರತಿದಿನ ಎರಡು ಬಕೆಟ್ ಸುರಿಯಬೇಕು.

ಮೊದಲ ತಪ್ಪು ನನ್ನದೇ. ಮುಚ್ಚಳದ ರಬ್ಬರ್ ರಿಂಗ್ ಒಣಗಿದೆ ಅಂದುಕೊಂಡು ಮನೆಯಲ್ಲಿದ್ದ ವ್ಯಾಸಲೀನ್ ಬಳಿದೆ. ಪೆಟ್ರೋಲಿಯಂ ಜೆಲ್ಲಿಗೆ ಕೆಲವು ಜಾತಿಯ ರಬ್ಬರ್ ಉಬ್ಬಿ ಹಾಳಾಗುತ್ತದೆ ಅಂತ ಆಮೇಲೆ ತಿಳಿಯಿತು. ಅದಕ್ಕೆ ಹಚ್ಚಬೇಕಾದ್ದು ಸಿಲಿಕೋನ್ ಗ್ರೀಸ್.

ಪೂಲ್ ಮೇಂಟೆನೆನ್ಸ್‌ನವರನ್ನು ಕರೆಸಿದೆವು. ಬಂದವರು ಎರಡು ನಿಮಿಷ ನೋಡಿ, "ಮೇಡಂ, ಪಂಪ್ ವೀಕ್ ಆಗಿದೆ, ದೊಡ್ಡದು ಹಾಕಿಸಿಬಿಡಿ" ಅಂದರು. ಒಂದೂವರೆ ಎಚ್‌ಪಿ ಹೋಗಿ ಎರಡು ಎಚ್‌ಪಿ ಬಂತು. 41 ಸಾವಿರ. ಹಳೆಯದನ್ನು ಗುಜರಿಗೆ ಅಂತ ಅವರೇ ಎತ್ತಿಕೊಂಡು ಹೋದರು. ಗುಳ್ಳೆ ಜಾಸ್ತಿಯೇ ಆಯಿತು! ಈಗ ಅರ್ಥವಾಗುತ್ತದೆ: ಪಂಪ್ ದೊಡ್ಡದಾದಷ್ಟೂ ಜೋರಾಗಿ ಎಳೆಯುತ್ತದೆ, ಸಂದಿ ಇದ್ದರೆ ಗಾಳಿಯನ್ನೂ ಅಷ್ಟೇ ಜೋರಾಗಿ.

ಮತ್ತೆ ಬಂದರು. ಈ ಸಲ ಸ್ಕಿಮ್ಮರ್, ಅಂದರೆ ಪೂಲ್ ಅಂಚಿನಲ್ಲಿ ಮೇಲಿನ ನೀರನ್ನು ಎಳೆದುಕೊಳ್ಳುವ ಬಾಯಿ, ಅದರ ಲೈನಿನ ವಾಲ್ವ್ ಮುಚ್ಚಿದರು. ಗುಳ್ಳೆ ನಿಂತಿತು. "ನೋಡಿ ಮೇಡಂ, ನೆಲದೊಳಗೆ ಪೈಪ್ ಒಡೆದಿದೆ." ಟೈಲ್ಸ್ ಕಿತ್ತು ಅಗೆಯಲು ಒಂದೂವರೆ ಲಕ್ಷದ ಎಸ್ಟಿಮೇಟ್. ಕಣ್ಣಾರೆ ನೋಡಿದ್ದೇವಲ್ಲ, ನಂಬಿದೆವು. ಅಡ್ವಾನ್ಸ್ ಚೆಕ್ ಕೂಡ ಬರೆದಾಗಿತ್ತು.

ಅಷ್ಟರಲ್ಲಿ ಮಂಡ್ಯದಿಂದ ಚಿಕ್ಕಪ್ಪ ಬಂದರು. ಜೀವನವೆಲ್ಲ ತೆರೆದ ಬಾವಿಗೆ ಪಂಪ್‌ಸೆಟ್ ಇಟ್ಟು ಗದ್ದೆಗೆ ನೀರು ಹಾಯಿಸಿದವರು. ಪೂಲ್ ಅಂದರೆ ಅವರಿಗೆ ನಗು, ಆದರೆ ಪಂಪ್ ರೂಮಿಗೆ ಮಾತ್ರ ಕರೆಯದೆಯೇ ಬಂದರು.

"ಗಾಳಿ ಎಳ್ಕತಾ ಐತೆ ಕಣವ್ವ. ಪೂಲ್‌ನಾಗೆ ನೀರು ಇಳೀತಾ ಐತಾ?"

ಇಲ್ಲ ಅಂದೆ.

"ನೆಲದೊಳಗೆ ಪೈಪ್ ಒಡ್ದಿದ್ರೆ ಮೋಟ್ರು ನಿಂತಾಗ ನೀರು ಸೋರಬೇಕಲ್ವಾ?"

ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಪಂಪಿಗೆ ಮುಂಚಿನ ಭಾಗ ಎಳೆಯುವ ಕಡೆ, ಅಲ್ಲಿ ಸಂದಿ ಇದ್ದರೆ ಗಾಳಿ ಒಳಗೆ ಹೋಗುತ್ತದೆ. ಪಂಪ್ ದಾಟಿದ ಮೇಲೆ ತಳ್ಳುವ ಕಡೆ, ಅಲ್ಲಿ ಸಂದಿ ಇದ್ದರೆ ನೀರು ಹೊರಗೆ ಚಿಮ್ಮುತ್ತದೆ. ಹಾಗಾಗಿ ಪಂಪ್ ಓಡುತ್ತಲೇ ಗುಳ್ಳೆ ಬರುತ್ತಿದ್ದರೆ ಹುಡುಕಬೇಕಾದ್ದು ಎಳೆಯುವ ಕಡೆ. ಪೂಲ್‌ನ ನೀರು ಕಡಿಮೆಯಾಗಿ ಸ್ಕಿಮ್ಮರ್ ಬಾಯಿ ತೆರೆದುಕೊಂಡಿದೆಯಾ, ಬುಟ್ಟಿಯ ಮುಚ್ಚಳದ ರಿಂಗಿಗೆ ಕೂದಲೋ ಎಲೆಯ ಚೂರೋ ಸಿಕ್ಕಿದೆಯಾ, ಬುಟ್ಟಿಯ ಕೆಳಗಿನ ಡ್ರೈನ್ ಪ್ಲಗ್ ಸಡಿಲವಾ, ಪೈಪನ್ನು ಬಿಚ್ಚಿ ಜೋಡಿಸುವ ಯೂನಿಯನ್ ಜಾಯಿಂಟ್ ಹೇಗಿದೆ. ಕಾಸು ಖರ್ಚಿಲ್ಲದೆ ನೋಡುವಂಥವು.

ಚಿಕ್ಕಪ್ಪ ದೇವರ ಮನೆಯಿಂದ ಊದುಬತ್ತಿ ತರಿಸಿದರು. ಪಂಪ್ ಓಡುತ್ತಿತ್ತು. ಒಂದೊಂದೇ ಜಾಯಿಂಟಿನ ಹತ್ತಿರ ಹಿಡಿದರು, ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಸ್ಕಿಮ್ಮರ್ ವಾಲ್ವಿನ ಹಿಡಿಯ ಬುಡಕ್ಕೆ ತಂದಾಗ ಹೊಗೆ ಬಾಗಿತು, ದಾರದ ಹಾಗೆ ಒಳಗೆ ನುಸುಳಿತು. ಒದ್ದೆ ಬಟ್ಟೆ ಸುತ್ತಿದೆವು. ಸ್ವಲ್ಪ ಹೊತ್ತಿಗೆ ಬುಟ್ಟಿ ತುಂಬಿತು, ಗುಳ್ಳೆ ನಿಂತಿತು. ನೆಲದೊಳಗಿನ ಪೈಪ್ ಸರಿಯಾಗಿಯೇ ಇತ್ತು. ಗಾಳಿ ಎಳೆಯುತ್ತಿದ್ದದ್ದು ಅವರು ತಿರುಗಿಸಿ ತೋರಿಸಿದ ಅದೇ ವಾಲ್ವ್! ಮುಚ್ಚಿದಾಗ ಆ ಸಂದಿಗೆ ಎಳೆತ ತಾಗುತ್ತಿರಲಿಲ್ಲ, ಅಷ್ಟೇ. ಹೊಸ ವಾಲ್ವಿಗೆ ಕೂಲಿ ಸೇರಿ 900 ರೂಪಾಯಿ.

ಊದುಬತ್ತಿ ಮಾತ್ರ ನೀವು ಹಚ್ಚಬೇಡಿ. ಪಂಪ್ ರೂಮಿನಲ್ಲಿ ಕ್ಲೋರಿನ್ ಪುಡಿ ಇಟ್ಟಿರುತ್ತಾರೆ, ಅದರ ಹತ್ತಿರ ಬೆಂಕಿ ತರಬಾರದು. ನಮ್ಮದು ಅದೃಷ್ಟ. ಶೇವಿಂಗ್ ಫೋಮ್ ಹಚ್ಚಿದರೂ ಸಂದಿ ಇದ್ದಲ್ಲಿ ಒಳಗೆ ಎಳೆದುಕೊಂಡು ಗುಳಿ ಬೀಳುತ್ತದೆ.

ಇನ್ನೊಂದು, ಇದು ದುಡ್ಡಿಗಿಂತ ದೊಡ್ಡದು. ಒಳಗೆ ಹೋದ ಗಾಳಿ ಫಿಲ್ಟರ್ ಟ್ಯಾಂಕಿನ ಮೇಲ್ಭಾಗದಲ್ಲಿ ಸೇರಿಕೊಂಡು ಒತ್ತಿಕೊಳ್ಳುತ್ತದೆ. ಟ್ಯಾಂಕಿನ ಮುಚ್ಚಳವನ್ನು ಬಿಗಿದಿಡುವ ಕ್ಲಾಂಪ್ ಸಡಿಲವಿದ್ದರೆ ಮುಚ್ಚಳ ಗುಂಡಿನ ಹಾಗೆ ಹಾರುತ್ತದೆ. ಮೇಂಟೆನೆನ್ಸ್‌ನವರ ಹುಡುಗ ಗಾಳಿ ಬಿಡುವ ತಿರುಪು ತೆರೆಯದೆ, ಟ್ಯಾಂಕಿನ ಮೇಲೆ ಬಗ್ಗಿಕೊಂಡೇ ಸ್ಟಾರ್ಟ್ ಮಾಡುತ್ತಿದ್ದ. ನಾವೂ ಪಕ್ಕದಲ್ಲೇ ನಿಂತು ಮಾತಾಡುತ್ತಿದ್ದೆವು. ಪಂಪ್ ಓಡುವಾಗ ಕ್ಲಾಂಪ್ ಮುಟ್ಟಬಾರದು. ತಿರುಪು ಮೊದಲೇ ತೆರೆದಿಟ್ಟು, ದೂರ ನಿಂತು ಸ್ಟಾರ್ಟ್ ಮಾಡಿ, ನೀರು ಚಿಮ್ಮಿದ ಮೇಲೆ ಮುಚ್ಚಬೇಕು.

ಚೆಕ್ ನಿಲ್ಲಿಸಿದೆವು. 41 ಸಾವಿರ ವಾಪಸ್ ಬರಲಿಲ್ಲ. ಹಳೇ ಪಂಪ್ ಕೇಳಿದರೆ, ಮಾರಿಯಾಯಿತು ಮೇಡಂ ಅಂದರು.