ಇಂಪ್ಲಾಂಟ್ ಪ್ಲ್ಯಾನಿಂಗ್: ಒಪಿಜಿಯೋ ಸಿಬಿಸಿಟಿಯೋ, ಪುಟ್ಟಿಯೋ ಸ್ಕ್ಯಾನರೋ, ಗೈಡ್ ಬೇಕೋ ಬೇಡವೋ?

ಗದಗ, ಹಾವೇರಿ, ರಾಣೆಬೆನ್ನೂರು ಕಡೆಯಿಂದ ಇಂಪ್ಲಾಂಟ್ (ಹೋದ ಹಲ್ಲಿನ ಬದಲು ದವಡೆಯ ಮೂಳೆಗೆ ಕೂಡಿಸುವ ಸ್ಕ್ರೂ) ಹಾಕಿಸಿಕೊಳ್ಳಲು ಹುಬ್ಬಳ್ಳಿ-ಧಾರವಾಡಕ್ಕೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಒಪಿಜಿ, ಅಂದರೆ ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್-ರೇ, ಇರುತ್ತದೆ. ಕೆಲವರ ಹತ್ತಿರ ಅದರ ವಾಟ್ಸ್‌ಆ್ಯಪ್ ಫೋಟೊ ಮಾತ್ರ. "ಇದರ ಮ್ಯಾಲೇ ಆಗೂದಿಲ್ಲೇನ್ರಿ, ಮತ್ತ ಸ್ಕ್ಯಾನ್ ಯಾಕ?" ಅನ್ನುವುದು ನ್ಯಾಯವಾದ ಪ್ರಶ್ನೆ. ಎರಡೂ ದಾರಿಗಳಲ್ಲಿ ಕೆಲಸ ಮಾಡಿ ನೋಡಿದ ಮೇಲೆ ನಮ್ಮ ಉತ್ತರ ಇಷ್ಟು: ಖರ್ಚು ಮಾಡಲು ಒಂದಕ್ಕೇ ಹಣವಿದ್ದರೆ ಸಿಬಿಸಿಟಿಗೆ, ಅಂದರೆ ದವಡೆಯ ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನ್‌ಗೆ, ಹಾಕಿ. ಬಾಯಿ ಸ್ಕ್ಯಾನರ್‌ಗೂ, ಡ್ರಿಲ್‌ಗೆ ದಾರಿ ತೋರಿಸುವ ಪ್ರಿಂಟ್ ಮಾಡಿದ ಗೈಡ್‌ಗೂ ಬದಲಿ ದಾರಿ ಇದೆ, ಇದಕ್ಕಿಲ್ಲ.

ಒಪಿಜಿಯನ್ನು ಹೀಗಳೆಯಬೇಕಿಲ್ಲ. ಎರಡೂ ದವಡೆ, ಸೈನಸ್, ಒಳಗೇ ಉಳಿದ ಬೇರಿನ ತುಂಡು, ಗಂಟು, ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಖರ್ಚು ಕಡಿಮೆ, ಎಕ್ಸ್-ರೇ ಪ್ರಮಾಣವೂ ಕಡಿಮೆ. ಮೊದಲ ಭೇಟಿಗೆ ಅದೇ ಸರಿ. ತೊಂದರೆ ಶುರುವಾಗುವುದು ಅದರ ಮೇಲೆ ಸ್ಕೇಲ್ ಇಟ್ಟು ಅಳೆಯಲು ಹೋದಾಗ, ಏಕೆಂದರೆ ಚಿತ್ರ ನಿಜಕ್ಕಿಂತ ದೊಡ್ಡದಾಗಿ ಬರುತ್ತದೆ. 5 ಮಿ.ಮೀ. ಸ್ಟೀಲ್ ಗುಂಡನ್ನು ಮೇಣದಲ್ಲಿ ಅಂಟಿಸಿ, ಹಲ್ಲಿಲ್ಲದ ಜಾಗದಲ್ಲಿ ಕೂಡಿಸಿ ತೆಗೆದ ಒಪಿಜಿಯಲ್ಲಿ ಗುಂಡು 6.2 ಮಿ.ಮೀ. ಕಂಡಿತು ಅನ್ನಿ. ಕೆಳದವಡೆಯ ನರದ ಕಾಲುವೆಯವರೆಗೆ ಮೂಳೆ 16 ಮಿ.ಮೀ. ಕಂಡರೆ ನಿಜವಾದ ಎತ್ತರ 12.9. ಅದರಲ್ಲಿ ನರದ ಮೇಲೆ 2 ಮಿ.ಮೀ. ಬಿಡಬೇಕು, ಉಳಿಯುವುದು 10.9. ಅಂದರೆ 10 ಮಿ.ಮೀ. ಉದ್ದದ ಇಂಪ್ಲಾಂಟ್. ಗುಂಡಿಲ್ಲದೆ ನೋಡಿದವರು 13 ಆರಿಸುತ್ತಾರೆ, ನರಕ್ಕೆ ತಾಗುತ್ತದೆ, ತುಟಿ-ಗದ್ದ ಜೋಮು ಹಿಡಿಯುತ್ತದೆ. ಇಷ್ಟಾದರೂ ಆ ಲೆಕ್ಕ ಗುಂಡು ಕೂತ ಜಾಗಕ್ಕೆ ಮಾತ್ರ ಅನ್ವಯ. ತಲೆ ಸ್ವಲ್ಪ ವಾಲಿದರೂ ಬೇರೆ ಕಡೆಯ ಅಳತೆ ಬದಲಾಗುತ್ತದೆ. ಫೋನಿನ ಫೋಟೊದಲ್ಲಂತೂ ಅಳತೆಯ ಮಾತೇ ಇಲ್ಲ.

ಇನ್ನೂ ದೊಡ್ಡ ಕೊರತೆ ಅಗಲದ್ದು. ಕೆನ್ನೆಯ ಕಡೆಯಿಂದ ನಾಲಿಗೆಯ ಕಡೆಗೆ ಮೂಳೆ ಎಷ್ಟು ದಪ್ಪ ಇದೆ ಎಂಬುದನ್ನು ಒಪಿಜಿ ಹೇಳುವುದೇ ಇಲ್ಲ. ಸಿಬಿಸಿಟಿಯಲ್ಲಿ ದವಡೆಯನ್ನು ಬಾಳೆಕಾಯಿ ಬಿಲ್ಲೆ ಹೆಚ್ಚಿದಂತೆ ಅಡ್ಡಕ್ಕೆ ಕೊಯ್ದು ನೋಡಬಹುದು. ಕೆಳಗಿನ ದೊಡ್ಡ ದವಡೆ ಹಲ್ಲಿನ ಜಾಗದ ಒಂದು ಬಿಲ್ಲೆ ತೆಗೆದುಕೊಳ್ಳಿ. ಮೇಲ್ತುದಿಯಲ್ಲಿ ಮೂಳೆ ಚೆನ್ನಾಗಿದೆ, ಕೆಳಗೆ ಹೋದಂತೆ ನಾಲಿಗೆಯ ಕಡೆ ಒಳಕ್ಕೆ ತಗ್ಗಿದೆ. ನೇರ ಇಳಿದ ಡ್ರಿಲ್ ಅಲ್ಲಿ ಮೂಳೆ ದಾಟಿ ಹೊರಬರುತ್ತದೆ. ಅಲ್ಲಿನ ರಕ್ತನಾಳ ಕಡಿದರೆ ನಾಲಿಗೆಯ ಬುಡ ಬಾತು ಉಸಿರಿಗೇ ಕುತ್ತು. ಒಪಿಜಿಯಲ್ಲಿ ಇದೇ ಜಾಗ ಗಟ್ಟಿ ಮೂಳೆಯಂತೆ ಕಾಣುತ್ತದೆ. ಈ ಒಂದು ಕಾರಣಕ್ಕೇ ನಾವು ಸಿಬಿಸಿಟಿ ಬಿಟ್ಟು ಮುಂದೆ ಹೋಗುವುದಿಲ್ಲ.

ಒಂದು ಹಲ್ಲಿಗಾಗಿ ಇಡೀ ತಲೆ ಸ್ಕ್ಯಾನ್ ಮಾಡಿಸಬೇಡಿ. 5×5 ಸೆಂ.ಮೀ. ಜಾಗ ಸಾಕು, ವಿಕಿರಣವೂ ಕಡಿಮೆ, ಚಿತ್ರವೂ ಚೊಕ್ಕ. ಗೈಡ್ ಮಾಡುವುದಿದ್ದರೆ ಮಾತ್ರ ಆ ದವಡೆಯ ಸಾಕಷ್ಟು ಹಲ್ಲುಗಳು ಸೇರುವಂತೆ ಜಾಗ ದೊಡ್ಡದು ಮಾಡಬೇಕು. ಕೆನ್ನೆ-ತುಟಿಯ ಒಳಗೆ ಹತ್ತಿಯ ರೋಲ್ ಇಟ್ಟರೆ ವಸಡಿನ ಅಂಚು ಬಿಡಿಯಾಗಿ ಕಾಣುತ್ತದೆ. ಮೇಲಿನ-ಕೆಳಗಿನ ಹಲ್ಲು ಒಂದಕ್ಕೊಂದು ತಾಗದಂತೆ ನಡುವೆಯೂ ರೋಲ್ ಇರಲಿ. ಸ್ಕ್ಯಾನ್ ನಡೆಯುವ ಅಷ್ಟು ಸೆಕೆಂಡು ಉಗುಳು ನುಂಗಬಾರದು. ಅಲುಗಿದರೆ ಮೂಳೆಯ ಅಂಚು ಜೋಡಿ ಗೆರೆಯಾಗಿ ಬರುತ್ತದೆ, ಅಂಥದ್ದರ ಮೇಲೆ ಅಳೆಯಬಾರದು. ಸೆಂಟರ್‌ನಿಂದ ಹೊರಡುವಾಗ ಪ್ರಿಂಟ್ ಹಾಳೆಯಲ್ಲ, ಡೈಕಾಮ್ ಫೈಲನ್ನೇ (ಸ್ಕ್ಯಾನ್‌ನ ಮೂಲ ಡಿಜಿಟಲ್ ಫೈಲ್) ಸಿಡಿ ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೇಳಿ ತೆಗೆದುಕೊಳ್ಳಿ. ಸಾಫ್ಟ್‌ವೇರ್ ತೋರಿಸುವ ಮೂಳೆ ಗಟ್ಟಿತನದ ಸಂಖ್ಯೆಯನ್ನು ನಾವು ನಂಬುವುದಿಲ್ಲ. ಸಿಬಿಸಿಟಿಯಲ್ಲಿ ಅದು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ.

ಬಾಯಿಯ ಅಳತೆ, ಅಂದರೆ ಹಲ್ಲು-ವಸಡಿನ ಅಚ್ಚು, ತೆಗೆಯುವ ವಿಷಯದಲ್ಲಿ ಪುಟ್ಟಿಗೂ ಸ್ಕ್ಯಾನರ್‌ಗೂ ನಡುವಿನ ಪೈಪೋಟಿ ಇಷ್ಟು ಏಕಪಕ್ಷೀಯವಲ್ಲ. ನೀರಲ್ಲಿ ಕಲಸುವ ಅಚ್ಚಿನ ಪುಡಿ ಆಲ್ಜಿನೇಟ್ ಅಗ್ಗ, ಆದರೆ ನೀರು ಬಿಟ್ಟು ಕುಗ್ಗುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಅದನ್ನು ಟೇಬಲ್ ಮೇಲಿಟ್ಟು ಊಟಕ್ಕೆ ಹೋಗುವಂತಿಲ್ಲ, ತೆಗೆದ ಕೂಡಲೇ ಸ್ಟೋನ್ (ಗಟ್ಟಿ ಜಿಪ್ಸಮ್) ಸುರಿದು ಮಾಡೆಲ್ ಮಾಡಬೇಕು. ಅಡಿಷನ್ ಸಿಲಿಕೋನ್ ಪುಟ್ಟಿ ದಿನಗಟ್ಟಲೆ ಅಳತೆ ಹಿಡಿದಿಡುತ್ತದೆ; ಲೇಟೆಕ್ಸ್ ಗ್ಲೌಸ್‌ನಲ್ಲಿ ಕಲಸಿದರೆ ಮಾತ್ರ ಅದರ ಗಂಧಕದ ಅಂಶದಿಂದ ಸರಿಯಾಗಿ ಗಟ್ಟಿಯಾಗುವುದಿಲ್ಲ, ವಿನೈಲ್ ಅಥವಾ ನೈಟ್ರೈಲ್ ಹಾಕಿಕೊಳ್ಳಿ. ಈ ಮಾಡೆಲನ್ನು ಲ್ಯಾಬ್‌ನ ಟೇಬಲ್ ಸ್ಕ್ಯಾನರ್‌ನಲ್ಲಿ ಇಟ್ಟರೆ ಕೈಗೆ ಬರುವುದು ಬಾಯಿ ಸ್ಕ್ಯಾನರ್ ಕೊಡುವಂಥದೇ ಎಸ್‌ಟಿಎಲ್ ಫೈಲ್ (ಹಲ್ಲು-ವಸಡಿನ ಮೇಲ್ಮೈಯ ಮೂರು ಆಯಾಮದ ಡಿಜಿಟಲ್ ಆಕಾರ). ಹಾಗಾಗಿ ಕ್ಲಿನಿಕ್‌ನಲ್ಲಿ ಸ್ಕ್ಯಾನರ್ ಇಲ್ಲವೆಂದು ಡಿಜಿಟಲ್ ಪ್ಲ್ಯಾನಿಂಗ್ ಕೈಬಿಡಬೇಕಿಲ್ಲ.

ಬಾಯಿ ಸ್ಕ್ಯಾನರ್ ಗೆಲ್ಲುವುದು ವೇಗದಲ್ಲಿ, ತಪ್ಪಾದ ಜಾಗವನ್ನು ಅಲ್ಲೇ ಅಳಿಸಿ ಮತ್ತೆ ತೆಗೆಯುವುದರಲ್ಲಿ, ವಾಕರಿಕೆ ಇರುವವರಲ್ಲಿ. ಹಿಂದಿನ ಹಲ್ಲಿನಿಂದ ಶುರುಮಾಡಿ ಮೊದಲು ಜಗಿಯುವ ಮೈ, ಆಮೇಲೆ ನಾಲಿಗೆಯ ಕಡೆ, ಕೊನೆಗೆ ಕೆನ್ನೆಯ ಕಡೆ. ದಾರಿ ತಪ್ಪಿಸಬೇಡಿ, ಜೊಲ್ಲು ಒರೆಸುತ್ತಲೇ ಇರಿ. ಒಂದೆರಡು ಹಲ್ಲಿಗೆ ಇದು ಪುಟ್ಟಿಗೆ ಏನೂ ಕಡಿಮೆಯಿಲ್ಲ. ಪೂರ್ತಿ ಬೋಳು ದವಡೆಯಲ್ಲಿ ಸೋಲುತ್ತದೆ: ನುಣುಪು ವಸಡಿನಲ್ಲಿ ಗುರುತು ಹಿಡಿಯಲು ಏನೂ ಸಿಗದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ತಪ್ಪು ಕೂಡುತ್ತಾ ಹೋಗುತ್ತದೆ. ಅಲ್ಲಿ ರೋಗಿಯ ಹಲ್ಲು ಸೆಟ್‌ಗೆ ಆರೆಂಟು ಗಟ್ಟಾ-ಪರ್ಚಾ (ಎಕ್ಸ್-ರೇಯಲ್ಲಿ ಕಾಣುವ ರಬ್ಬರಿನಂಥ ವಸ್ತು) ಚುಕ್ಕೆ ಹಾಕಿ, ಬಾಯಲ್ಲಿ ಕಚ್ಚಿಸಿ ಒಂದು ಸಿಬಿಸಿಟಿ, ಸೆಟ್ ಒಂದನ್ನೇ ಇಟ್ಟು ಇನ್ನೊಂದು ತೆಗೆದು ಚುಕ್ಕೆಗಳ ಮೇಲೆ ಹೊಂದಿಸುವುದೇ ಭರವಸೆಯ ದಾರಿ. ಸೆಟ್ ಸಡಿಲವಿದ್ದರೆ ಮೊದಲು ರೀಲೈನ್ ಮಾಡಿ, ಅಂದರೆ ಒಳಮೈಗೆ ಹೊಸ ಪದರ ಕೊಟ್ಟು ವಸಡಿಗೆ ಹೊಂದಿಸಿ.

ಇಡೀ ಕೆಲಸದ ಜೀವ ಇರುವುದು ಡೈಕಾಮ್ ಮತ್ತು ಎಸ್‌ಟಿಎಲ್ ಎರಡನ್ನೂ ಒಂದರ ಮೇಲೊಂದು ಕೂಡಿಸುವಲ್ಲಿ. ಕಡಿಮೆಯೆಂದರೆ ಮೂರು ಬಿಂದು, ಒಂದಕ್ಕೊಂದು ದೂರದಲ್ಲಿ, ಮೆಟಲ್ ಕ್ಯಾಪ್ ಇಲ್ಲದ ಹಲ್ಲುಗಳ ಮೇಲೆ; ಕ್ಯಾಪ್ ಸುತ್ತ ಸಿಬಿಸಿಟಿಯಲ್ಲಿ ಬಿಳಿ ಗೆರೆಗಳು ಚೆಲ್ಲಿ ಹಲ್ಲಿನ ಆಕಾರವೇ ಸಿಗುವುದಿಲ್ಲ. ಸಾಫ್ಟ್‌ವೇರ್ "ಆಯಿತು" ಎಂದ ಮೇಲೂ ಒಂದೊಂದೇ ಬಿಲ್ಲೆ ತೆರೆದು ಎಸ್‌ಟಿಎಲ್ ಗೆರೆ ಹಲ್ಲಿನ ಅಂಚಿನ ಮೇಲೇ ಓಡುತ್ತಿದೆಯೇ ನೋಡಿ. ಇಲ್ಲಿ ಅರ್ಧ ಮಿ.ಮೀ. ತಪ್ಪಿದ್ದು ಗೈಡ್ ಮೂಲಕ ನೇರ ಮೂಳೆಗೆ ಇಳಿಯುತ್ತದೆ.

ಆಮೇಲೆ ಸಾಫ್ಟ್‌ವೇರ್‌ನಲ್ಲಿ ಮೊದಲು ಕ್ಯಾಪ್ ಎಲ್ಲಿ ಬರಬೇಕೆಂದು ಕೂಡಿಸಿ, ಅದರ ಕೆಳಗೆ ಇಂಪ್ಲಾಂಟ್. ಪಕ್ಕದ ಹಲ್ಲಿನಿಂದ 1.5, ಎರಡು ಇಂಪ್ಲಾಂಟ್ ನಡುವೆ 3, ಕೆನ್ನೆಯ ಕಡೆ ಮೂಳೆ 1.5 ಮಿ.ಮೀ.ಗೆ ಕಡಿಮೆಯಾಗಬಾರದು. 5.5 ಮಿ.ಮೀ. ಅಗಲದ ಮೂಳೆಯ ನಡುವೆ 4 ಮಿ.ಮೀ. ಇಂಪ್ಲಾಂಟ್ ಹಾಕಿದರೆ ಆಚೀಚೆ ಉಳಿಯುವುದು ಬರೀ 0.75. ಸಪೂರ ಇಂಪ್ಲಾಂಟೋ ಮೂಳೆ ಕಸಿಯೋ ಎಂಬುದು ಹೀಗೆ ವಸಡು ಬಿಡಿಸುವ ಮೊದಲೇ ತೀರ್ಮಾನವಾಗುತ್ತದೆ, ಖರ್ಚನ್ನೂ ರೋಗಿಗೆ ಮೊದಲೇ ಹೇಳಬಹುದು.

ಗೈಡ್ ಇದ್ದರೆ ಬರಿಗೈಗಿಂತ ನಿಖರ, ನಿಜ. ಆದರೂ ಪ್ಲ್ಯಾನ್‌ಗೂ ಬಾಯಿಗೂ ಸರಾಸರಿ ಒಂದು ಮಿ.ಮೀ.ಗಿಂತ ತುಸು ಹೆಚ್ಚು, ಕೋನದಲ್ಲಿ ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ ಬರುತ್ತದೆ. ಗೈಡ್ ಇದೆಯೆಂದು ನರದ ಮೇಲಿನ 2 ಮಿ.ಮೀ. ಅಂತರ ಕಡಿಮೆ ಮಾಡಬೇಡಿ. ಹಲ್ಲಿನ ಮೇಲೆ ಕೂರುವ ಗೈಡ್ ಉತ್ತಮ. ವಸಡಿನ ಮೇಲಿನದಕ್ಕೆ ಪಿನ್ ಬೇಕು. ಅಲುಗುವ ಹಲ್ಲಿನ ಆಸರೆ ಆಗದು. ಗೈಡ್‌ನಲ್ಲಿ ಡ್ರಿಲ್ ಇಳಿಯುವ ಕೊಳವೆ, ಅಂದರೆ ಸ್ಲೀವ್‌ನಿಂದಾಗಿ ಡ್ರಿಲ್ ತುದಿಗೆ ನೀರು ತಲುಪುವುದು ಕಷ್ಟ, ಮೂಳೆ 47 ಡಿಗ್ರಿ ಸೆಲ್ಸಿಯಸ್ ದಾಟಿ ಒಂದು ನಿಮಿಷ ಕಾದರೂ ಕೆಡುತ್ತದೆ. ಡ್ರಿಲ್ ಆಗಾಗ ಮೇಲೆತ್ತಿ, ಪಕ್ಕದಿಂದ ಸಿರಿಂಜ್‌ನಲ್ಲಿ ತಣ್ಣನೆಯ ಸಲೈನ್ ಬಿಡಿ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ವರ್ಷಗಟ್ಟಲೆ ಗುಟ್ಕಾ, ಅಡಿಕೆ ಜಗಿದು ಬಾಯಿ ಎರಡು ಬೆರಳಷ್ಟೇ ತೆರೆಯುವವರು ಬಹಳ. ಹಿಂದಿನ ಹಲ್ಲಿನ ಹತ್ತಿರ ಸ್ಕ್ಯಾನರ್ ತಲೆಯೂ ಹೋಗದು, ಗೈಡ್‌ನ ಉದ್ದ ಡ್ರಿಲ್ಲೂ ನಿಲ್ಲದು. ಪ್ಲ್ಯಾನ್‌ಗೆ ಕೈ ಹಾಕುವ ಮೊದಲೇ ಮುಂದಿನ ಹಲ್ಲುಗಳ ನಡುವೆ ಸ್ಕೇಲ್ ಇಟ್ಟು ನೋಡಿ. ಹಿಂದಿನ ಜಾಗಕ್ಕೆ 40 ಮಿ.ಮೀ. ಆಸುಪಾಸು ಇಲ್ಲದಿದ್ದರೆ ಗೈಡ್ ಪ್ರಿಂಟ್ ಮಾಡಿಸುವುದು ವ್ಯರ್ಥ ಖರ್ಚು. ಪ್ರಿಂಟ್ ಮಾಡಿಸಿದ್ದನ್ನೂ ಆಪರೇಷನ್ ದಿನಕ್ಕಿಂತ ಮೊದಲೇ ಬಾಯಲ್ಲಿ ಕೂಡಿಸಿ, ಕಿಂಡಿಗಳಲ್ಲಿ ಹಲ್ಲಿನ ತುದಿ ಪೂರ್ತಿ ತಾಗಿದೆಯೇ ನೋಡಿ. ಅಲುಗಾಡಿದರೆ ಉಜ್ಜಿ ಹೊಂದಿಸಲು ಹೋಗದೆ, ಹೊಸ ಅಳತೆ ತೆಗೆದು ಬೇರೆ ಗೈಡ್ ಮಾಡಿಸಿ.